ಬೆಕ್ಕಿರುವ ಮನೆಗೆ ನಾಯಿಮರಿ: ಅಟ್ಟಿಸುವ ರುಚಿ ಹತ್ತಬಾರದು

"ಮರಿ ಆಟಕ್ಕೆ ಕರೀತಿದೆ ಅಷ್ಟೇ ಡಾಕ್ಟ್ರೇ, ಬೆಕ್ಕೇ ಸುಮ್ಮಸುಮ್ಮನೆ ಬುಸ್ ಅನ್ನುತ್ತೆ." ಬೆಕ್ಕು ಸಾಕಿದವರು ನಾಯಿಮರಿ ತಂದ ಮೊದಲ ವಾರದಲ್ಲಿ ಹೇಳುವ ಮಾತಿದು. ಮರಿಯ ಬಗ್ಗೆ ಅವರು ಹೇಳುವುದು ನಿಜ. ಎರಡು ತಿಂಗಳ ಮರಿಗೆ ಬೆಕ್ಕಿನ ಮೇಲೆ ಯಾವ ಹಗೆಯೂ ಇಲ್ಲ. ಮುಂಗಾಲು ನೆಲಕ್ಕೆ ಚಾಚಿ, ಸೊಂಟ ಮೇಲೆತ್ತಿ, ಬಾಲ ಆಡಿಸುತ್ತಾ ಒಂದು ಸಲ ಬೊಗಳಿದರೆ ನಾಯಿಗಳ ಲೆಕ್ಕದಲ್ಲಿ ಅದು ಆಟದ ಕರೆ. ಬೆಕ್ಕಿನ ಲೆಕ್ಕ ಬೇರೆ. ಅದು ಬಾಲ ಬೀಸುವುದು ಸಿಟ್ಟು ಬಂದಾಗ, ಎದುರಾಳಿಯ ಮುಂದೆ ಮುಂಗಾಲು ಎತ್ತುವುದು ಹೊಡೆಯಲಿಕ್ಕೆ, ಅಂಗಾತ ಬೀಳುವುದು ನಾಲ್ಕೂ ಪಂಜಗಳನ್ನು ಒಟ್ಟಿಗೆ ಬಳಸಲಿಕ್ಕೆ. ಹಾಗಾಗಿ ಮರಿ ಸ್ನೇಹದಿಂದ ಮಾಡಿದ್ದೆಲ್ಲ ಬೆಕ್ಕಿಗೆ ದಾಳಿಯಾಗಿ ಕಾಣುತ್ತದೆ. ಬೆಕ್ಕು ಓಡುತ್ತದೆ, ಓಡಿದ್ದನ್ನು ಮರಿ ಅಟ್ಟಿಸಿಕೊಂಡು ಹೋಗುತ್ತದೆ.

ತೊಂದರೆ ಶುರುವಾಗುವುದು ಅಲ್ಲಿಂದ. ಓಡುವುದರ ಬೆನ್ನು ಹತ್ತುವುದೇ ನಾಯಿಗೆ ದೊಡ್ಡ ಬಹುಮಾನ, ಅದಕ್ಕೆ ಬೇರೆ ತಿಂಡಿ ಕೊಡಬೇಕಿಲ್ಲ. ನಾಲ್ಕು ಸಲ ಅಟ್ಟಿಸಿದ ಮರಿಗೆ ಬೆಕ್ಕು ಕಂಡ ಕೂಡಲೇ ಕಾಲು ನಿಲ್ಲುವುದಿಲ್ಲ. ಮೂರು ಕಿಲೋ ಇರುವಾಗ ಮನೆಯವರೆಲ್ಲ ನಕ್ಕು ವಿಡಿಯೋ ಮಾಡುತ್ತಾರೆ. ಅದೇ ಲ್ಯಾಬ್ರಡಾರ್ ಎಂಟು ತಿಂಗಳಿಗೆ 25 ಕಿಲೋ ದಾಟಿದಾಗ, ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಅದು ಆಟವಲ್ಲ. 'ಅವೇ ಜಗಳ ಆಡಿ ಸರಿ ಮಾಡ್ಕೊಳ್ತವೆ' ಎಂದು ಬಿಡಬೇಡಿ. ಮರಿ ಬೆಕ್ಕನ್ನು ಒಂದು ಸಲವೂ ಅಟ್ಟಿಸದಂತೆ ಮನೆಯನ್ನು ಸಜ್ಜು ಮಾಡುವುದೇ ಇಲ್ಲಿಯ ಮುಕ್ಕಾಲು ಕೆಲಸ.

ಮರಿ ಬರುವ ಒಂದು ವಾರ ಮೊದಲೇ ಬೆಕ್ಕಿನ ದಾರಿಗಳನ್ನು ನೋಡಿಕೊಳ್ಳಿ. ಅದು ಎಲ್ಲಿ ಮಲಗುತ್ತದೆ, ಎಲ್ಲಿ ಉಣ್ಣುತ್ತದೆ, ಮಲಮೂತ್ರಕ್ಕೆ ಇಟ್ಟ ಲಿಟರ್ ಟ್ರೇಗೆ ಯಾವ ಕಡೆಯಿಂದ ಹೋಗುತ್ತದೆ ಎಂದು ಗಮನಿಸಿ. ಈ ಮೂರು ಜಾಗಗಳ ನಡುವೆ ನೆಲಕ್ಕೆ ಇಳಿಯದೆ ಓಡಾಡಲು ಆದಷ್ಟು ಅವಕಾಶ ಮಾಡಿಕೊಡಿ. ಬೀರುವಿನ ಮೇಲೆ, ಫ್ರಿಜ್ ಮೇಲೆ, ಸಜ್ಜಾದಲ್ಲಿ ಒಂದಿಷ್ಟು ಜಾಗ ಖಾಲಿ ಮಾಡಿ ಜಾರದಂತೆ ಹಳೇ ರಗ್ಗು ಹಾಸಿ. ನಾಲ್ಕರಿಂದ ಐದು ಅಡಿ ಎತ್ತರ ಸಾಕು, ನಡುವೆ ಹತ್ತಲು ಒಂದು ಸ್ಟೂಲು ಇರಲಿ. ಪ್ರತಿ ಕೋಣೆಯಲ್ಲೂ ಇಂಥದ್ದೊಂದು ಜಾಗ ಇರಬೇಕು, ಇಲ್ಲದ ಕೋಣೆಗೆ ಬೆಕ್ಕು ಬರುವುದನ್ನೇ ನಿಲ್ಲಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಬಾಲ್ಕನಿಗೆ ಬಲೆ ಹಾಕಿಸದೆ ಮರಿ ತರಬೇಡಿ. ಹೆದರಿದ ಬೆಕ್ಕು ಕೆಳಗೆ ಎಷ್ಟು ಮಹಡಿ ಇವೆ ಎಂದು ನೋಡಿ ಹಾರುವುದಿಲ್ಲ.

ಲಿಟರ್ ಟ್ರೇ ವಿಷಯದಲ್ಲಿ ಸ್ವಲ್ಪ ಹೆಚ್ಚು ಯೋಚಿಸಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಜಾಸ್ತಿ ಇರಲಿ, ಎರಡೂ ಬೇರೆ ಬೇರೆ ಜಾಗದಲ್ಲಿರಲಿ. ಮುಚ್ಚಳದ, ಒಂದೇ ಬಾಗಿಲಿನ ಡಬ್ಬಿ ಈ ಸಮಯಕ್ಕೆ ಸಲ್ಲದು. ಬೆಕ್ಕು ಒಳಗಿದ್ದಾಗ ಮರಿ ಬಾಗಿಲಲ್ಲಿ ಬಂದು ನಿಂತರೆ ಅದಕ್ಕೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಒಮ್ಮೆ ಹಾಗಾದರೆ ಮಾರನೆಯ ದಿನದಿಂದ ಸೋಫಾದ ಹಿಂದೆಯೋ ಹಾಸಿಗೆಯ ಮೇಲೋ ಮೂತ್ರ ಮಾಡುವ ಬೆಕ್ಕುಗಳಿವೆ. ಅದನ್ನು ಹಟ ಎಂದು ಬೈದು ಫಲವಿಲ್ಲ. ಇನ್ನೊಂದು ಕಡೆ, ಮರಿಗಳಿಗೆ ಬೆಕ್ಕಿನ ಮಲ ಎಂದರೆ ಬಲು ರುಚಿ. ಅದರ ಜತೆಗೆ ಟ್ರೇಯಲ್ಲಿ ಹಾಸುವ, ಒದ್ದೆಯಾದರೆ ಗಟ್ಟಿಯಾಗುವ ಬೆಂಟೊನೈಟ್ ಜೇಡಿಮಣ್ಣಿನ ಲಿಟರನ್ನೂ ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು. ಯುಟಿಲಿಟಿಯಲ್ಲಿರುವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಟ್ರೇ ಇಟ್ಟರೆ ಎರಡೂ ತೊಂದರೆ ತಪ್ಪುತ್ತವೆ. ಸಂಧಿವಾತವಿರುವ ಮುದಿ ಬೆಕ್ಕು ಅಷ್ಟು ಎತ್ತರ ಹಾರಲಾರದು, ಅದಕ್ಕೆ ಕೋಣೆಯೊಂದನ್ನೇ ಬಿಟ್ಟುಕೊಟ್ಟು ಬಾಗಿಲಿಗೆ ಗೇಟ್ ಹಾಕುವುದು ಸರಿ. ಊಟದ ತಟ್ಟೆಯೂ ಎತ್ತರದಲ್ಲೇ ಇರಲಿ. ಬೆಕ್ಕಿನ ಆಹಾರದಲ್ಲಿ ಪ್ರೋಟೀನು, ಕೊಬ್ಬು ಹೆಚ್ಚು, ಮರಿ ಕದ್ದು ತಿಂದರೆ ಭೇದಿ. ನಾಯಿಯ ಆಹಾರವೊಂದನ್ನೇ ಬೆಕ್ಕಿಗೆ ಹಾಕುವುದೂ ತಪ್ಪು, ಬೆಕ್ಕಿಗೆ ಬೇಕಾದಷ್ಟು ಟಾರಿನ್ ಎಂಬ ಪೋಷಕಾಂಶ ಅದರಲ್ಲಿ ಸಿಗುವುದಿಲ್ಲ.

ಲಸಿಕೆಯ ಮಾತು ಬೇಗ ಮುಗಿಸುತ್ತೇನೆ. ನಾಯಿಯ ಪಾರ್ವೊ ವೈರಸ್ಸಿನ ಈಗಿನ ತಳಿಗಳು ಬೆಕ್ಕಿಗೂ ಹತ್ತಬಲ್ಲವು, ಆದ್ದರಿಂದ ಬೆಕ್ಕಿನ ಮೂರು ರೋಗಗಳ ಲಸಿಕೆ ಮತ್ತು ರೇಬಿಸ್ ಲಸಿಕೆ ಬಾಕಿ ಇದ್ದರೆ ಮರಿ ಬರುವ ಮೊದಲೇ ಹಾಕಿಸಿ. ಮರಿಗೆ 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ, ಮೂರು ತಿಂಗಳಿಗೆ ರೇಬಿಸ್. ಕೆಲವು ಜಂತುಹುಳು, ಚಿಗಟ, ಹುಳುಕಡ್ಡಿ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ, ಔಷಧ ಎರಡಕ್ಕೂ ಒಟ್ಟಿಗೆ ಆಗಬೇಕು.

ಆದರೆ ಒಂದೇ ಔಷಧ ಆಗಬಾರದು! ಉಣ್ಣಿ, ಚಿಗಟಕ್ಕೆಂದು ನಾಯಿಯ ಬೆನ್ನಿಗೆ ಬಿಡುವ ಕೆಲವು ಹನಿಗಳಲ್ಲಿ, ಪೌಡರು ಮತ್ತು ಶಾಂಪೂಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ನಾಯಿ ಇದನ್ನು ತಡೆದುಕೊಳ್ಳುತ್ತದೆ. ಬೆಕ್ಕಿನ ಯಕೃತ್ತಿಗೆ ಇದನ್ನು ಒಡೆದು ಹೊರಹಾಕುವ ಶಕ್ತಿ ತೀರಾ ಕಡಿಮೆ. ಬೆಕ್ಕಿಗೇ ಹಚ್ಚಬೇಕೆಂದಿಲ್ಲ, ಹಚ್ಚಿಸಿಕೊಂಡ ಮರಿಯ ಪಕ್ಕ ಮಲಗಿದರೂ, ಅದರ ಮೈ ನೆಕ್ಕಿದರೂ ಸಾಕು. ಕೆಲವೇ ಗಂಟೆಗಳಲ್ಲಿ ಕಿವಿ, ಮುಖದ ಚರ್ಮ ಅದುರತೊಡಗುತ್ತದೆ, ಮೈ ನಡುಗುತ್ತದೆ, ಆಮೇಲೆ ಫಿಟ್ಸ್. ಹಾಗೇನಾದರೂ ಕಂಡರೆ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಟವೆಲ್ ಸುತ್ತಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಈಗಾಗಲೇ ಫಿಟ್ಸ್ ಬರುತ್ತಿದ್ದರೆ ತೊಳೆಯುತ್ತಾ ಕೂರಬೇಡಿ. ಅಮಿಟ್ರಾಜ್ ಇರುವ ಔಷಧಕ್ಕೂ ಇದೇ ಎಚ್ಚರ. ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ, ಮನೆಯಲ್ಲಿ ಬೆಕ್ಕಿದೆ ಎಂದು ಬಾಯಿಬಿಟ್ಟು ಹೇಳಿ.

ಮರಿ ಬಂದ ಮೊದಲ ಮೂರು ನಾಲ್ಕು ದಿನ ಎರಡೂ ಮುಖ ನೋಡುವುದೇ ಬೇಡ. ಮರಿಗೆ ಒಂದು ಕೋಣೆ, ಉಳಿದ ಮನೆ ಬೆಕ್ಕಿನದು. ಹಳೇ ಪಂಚೆಯ ಎರಡು ತುಂಡು ಮಾಡಿ, ಒಂದನ್ನು ಬೆಕ್ಕು ಮಲಗುವಲ್ಲಿ, ಇನ್ನೊಂದನ್ನು ಮರಿಯ ಹಾಸಿಗೆಯಲ್ಲಿ ಹಾಕಿ. ಮಾರನೆಯ ದಿನ ಅದಲುಬದಲು ಮಾಡಿ, ಮರಿಯ ತುಂಡನ್ನು ಬೆಕ್ಕಿನ ತಟ್ಟೆಯಿಂದ ಮೂರು ಅಡಿ ದೂರದಲ್ಲಿಡಿ. ಬೆಕ್ಕು ಮೂಸಿ ಬುಸ್ ಎಂದರೆ ಇನ್ನೂ ದೂರ ಸರಿಸಿ, ತಲೆಕೆಡಿಸಿಕೊಳ್ಳದೆ ತಿಂದರೆ ಹತ್ತಿರ ತನ್ನಿ. ಮರಿ ವಾಕಿಂಗಿಗೋ ಮೂತ್ರಕ್ಕೋ ಹೊರಗೆ ಹೋದಾಗ ಅದರ ಕೋಣೆಯನ್ನು ಬೆಕ್ಕು ಸುತ್ತಾಡಿ ನೋಡಲಿ. ಬಾಗಿಲಿನ ಆಚೆ ಈಚೆ ಎರಡೂ ನೆಮ್ಮದಿಯಾಗಿ ಉಂಡ ಮೇಲೆ ಬಾಗಿಲ ಬದಲು ಗೇಟ್ ಬರಲಿ.

ಮೊದಲ ನೋಟಕ್ಕೆ ಒಳ್ಳೆಯ ಹೊತ್ತು ಮರಿ ನಿದ್ದೆಯಲ್ಲಿರುವ ಹೊತ್ತು. ಎರಡು ತಿಂಗಳ ಮರಿ ದಿನಕ್ಕೆ 18 ಗಂಟೆ ಮಲಗುತ್ತದೆ, ಗೂಡಿನಲ್ಲಿ ಮಲಗಿದ ಮರಿಯನ್ನು ಬೆಕ್ಕು ತನ್ನ ಪಾಡಿಗೆ ಬಂದು ನೋಡಿ ಹೋಗಬಹುದು. ಎಚ್ಚರದಲ್ಲಿ ಭೇಟಿ ಮಾಡಿಸುವಾಗ ಮರಿಗೆ ಎದೆಪಟ್ಟಿ ಮತ್ತು ಆರಡಿಯ ಹಗ್ಗ ಇರಲಿ, ಹೊಟ್ಟೆ ತುಂಬಿರಲಿ, ಮೂತ್ರ ಆಗಿರಲಿ, ಸ್ವಲ್ಪ ಆಡಿ ಸುಸ್ತಾಗಿರಲಿ. ಹತ್ತಡಿ ದೂರದಲ್ಲಿ ಬೆಕ್ಕು, ಎತ್ತರದಲ್ಲಿದ್ದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಕಡಲೆಕಾಳಿನ ಗಾತ್ರದ ಬೇಯಿಸಿದ ಚಿಕನ್ ಅಥವಾ ಪನೀರ್ ಚೂರು. ಮರಿ ಬೆಕ್ಕನ್ನು ನೋಡುತ್ತದೆ, ನೀವು 'ಶಭಾಶ್' ಎನ್ನುತ್ತೀರಿ, ಅದು ನಿಮ್ಮ ಕಡೆ ತಿರುಗಿದ ಕೂಡಲೇ ಒಂದು ಚೂರು. ಕೆಲವು ದಿನಗಳಲ್ಲಿ ಬೆಕ್ಕು ಕಂಡರೆ ಮರಿ ತಾನಾಗಿ ನಿಮ್ಮ ಮುಖ ನೋಡಲು ಕಲಿಯುತ್ತದೆ. ಐದು ನಿಮಿಷಕ್ಕೆ ನಿಲ್ಲಿಸಿ, ದಿನಕ್ಕೆ ಮೂರು ನಾಲ್ಕು ಸಲ ಮಾಡಿ.

ಈ ಐದು ನಿಮಿಷ ಎರಡರ ಮೈಯನ್ನೂ ಓದಬೇಕು. ಮೈ ಸಡಿಲ ಬಿಟ್ಟು, ಬಾಯಿ ಅರೆ ತೆರೆದು, ಆಗಾಗ ನೆಲ ಮೂಸುವ ಮರಿಯಿಂದ ಭಯವಿಲ್ಲ. ಬಾಯಿ ಮುಚ್ಚಿ, ಮೈ ಬಿಗಿದು, ಕಣ್ಣು ಕೀಳದೆ ನಿಂತರೆ, ಚಿಕನ್ ತೋರಿಸಿದರೂ ತಿರುಗದಿದ್ದರೆ, ತುಂಬ ಹತ್ತಿರ ತಂದಿದ್ದೀರಿ ಎಂದರ್ಥ. ಹಗ್ಗ ಜಗ್ಗಬೇಡಿ, ಬೈಯಬೇಡಿ. ಬೆಕ್ಕು ಬಂದಾಗಲೆಲ್ಲ ಬೈಗುಳ ಬೀಳುತ್ತದೆ ಎಂದು ಮರಿ ಕಲಿತರೆ ಬೆಕ್ಕಿನ ಮೇಲೇ ಅದಕ್ಕೆ ಕೋಪ. ಸುಮ್ಮನೆ ನಾಲ್ಕು ಹೆಜ್ಜೆ ಹಿಂದೆ ಕರೆದುಕೊಂಡು ಹೋಗಿ. ಬೆಕ್ಕಿನ ಕಿವಿ ಪಕ್ಕಕ್ಕೆ ಚಪ್ಪಟೆಯಾಗಿದ್ದರೆ, ಕಣ್ಣಪಾಪೆ ಪೂರ್ತಿ ಹಿಗ್ಗಿದ್ದರೆ, ಬಾಲದ ತುದಿ ಬಡಿಯುತ್ತಿದ್ದರೆ ಅವತ್ತಿಗೆ ಸಾಕು. ಬುಸ್ ಎನ್ನುವುದನ್ನು ತಡೆಯಬೇಡಿ, ಅದು ಎಚ್ಚರಿಕೆ. ತಡೆದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಪಂಜ ಬೀಳುತ್ತದೆ.

ಬೆಕ್ಕನ್ನು ಎತ್ತಿಕೊಂಡು ಮರಿಯ ಮೂಗಿನ ಹತ್ತಿರ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಓಡಲಾಗದ ಬೆಕ್ಕು ಹಿಡಿದವರ ತೋಳನ್ನೂ ಮರಿಯ ಕಣ್ಣನ್ನೂ ಒಟ್ಟಿಗೆ ಪರಚುತ್ತದೆ. ಬೆಕ್ಕಿನ ಉಗುರಿನ ತುದಿಯನ್ನು ಎರಡು ವಾರಕ್ಕೊಮ್ಮೆ ಕತ್ತರಿಸಿ. ಮರಿ ಒಂದು ಕಣ್ಣು ಮುಚ್ಚಿಕೊಂಡು ನೀರು ಸುರಿಸಿದರೆ ಅದೇ ದಿನ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಉಳಿದ ಹಳೇ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕಣ್ಣಿನ ಗಾಯ ಇನ್ನೂ ಆಳಕ್ಕೆ ಹೋಗುತ್ತದೆ. ಮನುಷ್ಯರಿಗೆ ಪರಚಿದರೆ, ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಬೇಕು.

ಸಂಜೆ ದೀಪ ಹಚ್ಚುವ ಹೊತ್ತು ವಿಶೇಷ ಎಚ್ಚರ ಬೇಕು. ಬೆಕ್ಕು ಚುರುಕಾಗುವುದು ಆಗಲೇ, ಮರಿಗೆ ಹುಚ್ಚು ಹಿಡಿದಂತೆ ಮನೆ ತುಂಬ ಓಡುವ ಹುಕಿ ಬರುವುದೂ ಆಗಲೇ. ಆ ಒಂದೆರಡು ಗಂಟೆ ಮರಿ ಗೇಟಿನ ಆಚೆ ಕಡಿಯಲು ಏನಾದರೂ ಇಟ್ಟುಕೊಂಡಿರಲಿ.

ತಳಿಯ ವ್ಯತ್ಯಾಸ ದೊಡ್ಡದು. ಬಾಗಲಕೋಟೆ ಜಿಲ್ಲೆಯ ನಮ್ಮ ಮುಧೋಳ ನಾಯಿ ಓಡುವ ಬೇಟೆಯನ್ನು ಕಣ್ಣಿನಿಂದಲೇ ಹಿಡಿದು ಅಟ್ಟಲು ಬೆಳೆಸಿದ ತಳಿ. ಮರಿಯಿದ್ದಾಗಿನಿಂದ ಬೆಕ್ಕಿನ ಜತೆ ಬೆಳೆದ ಮುಧೋಳ ಮನೆಯ ಬೆಕ್ಕನ್ನು ಒಪ್ಪಿಕೊಳ್ಳಬಹುದು, ಅಂಗಳದಲ್ಲಿ ಓಡುವ ಪಕ್ಕದ ಮನೆ ಬೆಕ್ಕನ್ನು ಬಿಡುತ್ತದೆ ಎಂಬ ಭರವಸೆ ಬೇಡ. ಬೀದಿಯಿಂದ ತಂದ ನಾಡತಳಿಯ ಮರಿಯಾಗಲಿ, ಬೀಗಲ್ ಆಗಲಿ, ನಾಯಿಗಳಿಗೆ ಹೊಸ ಜೀವಿಗಳನ್ನು ಸಲೀಸಾಗಿ ಒಪ್ಪುವ ವಯಸ್ಸು 3ರಿಂದ 14 ವಾರ. ಆ ಅವಧಿಯೊಳಗೆ ತಂದರೆ ಕೆಲಸ ಅರ್ಧ ಹಗುರ.

ಮಲೆನಾಡು, ಕರಾವಳಿಯ ಹಿತ್ತಲಿರುವ ಮನೆಗಳಲ್ಲಿ ಬೇರೆ ಚಿಂತೆ. ಅಲ್ಲಿ ಬೆಕ್ಕು ಜಗಳಕ್ಕೆ ನಿಲ್ಲುವುದಿಲ್ಲ, ಮನೆಯನ್ನೇ ಬಿಟ್ಟು ಪಕ್ಕದ ಮನೆ ಸೇರುತ್ತದೆ. ಹಿಂಬಾಗಿಲಲ್ಲಿ ಊಟ ಹಾಕುವ ರೂಢಿಯಿದ್ದರೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಹಾಕುತ್ತಿರಿ, ಆ ಹೊತ್ತು ಮರಿಯನ್ನು ಮುಂದಿನ ಜಗಲಿಯಲ್ಲಿ ಕಟ್ಟಿ. ಅಟ್ಟಕ್ಕೆ ಹೋಗುವ ದಾರಿ ಮುಚ್ಚಬೇಡಿ.

ಬೆಕ್ಕು ಒಂದು ಇಡೀ ದಿನ ಏನೂ ತಿನ್ನದಿದ್ದರೆ 'ಮುನಿಸು' ಎಂದು ಕಾಯಬೇಡಿ. ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರಬಹುದು. ಗಂಡು ಬೆಕ್ಕು ಟ್ರೇಯಲ್ಲಿ ಪದೇ ಪದೇ ಕೂತು ತಿಣುಕಿದರೂ ಮೂತ್ರ ಬರುತ್ತಿಲ್ಲವೆಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಒತ್ತಡದಲ್ಲಿ ಮೂತ್ರನಾಳ ಕಟ್ಟುವುದುಂಟು, ಒಂದೆರಡು ದಿನ ತಡವಾದರೆ ಬೆಕ್ಕು ಉಳಿಯುವುದಿಲ್ಲ.

ಹೆಚ್ಚಿನ ಮನೆಗಳಲ್ಲಿ ಮೂರರಿಂದ ಆರು ವಾರ ಹಿಡಿಯುತ್ತದೆ, ಅಂಜುಬುರುಕ ಬೆಕ್ಕಿಗೆ ತಿಂಗಳುಗಳೇ ಬೇಕು. ಮರಿ ಓಡಾಡುವ ಕೋಣೆಯ ನೆಲದ ಮೇಲೆ ಬೆಕ್ಕು ಮಗ್ಗುಲಾಗಿ ಮಲಗತೊಡಗಿದಾಗ ಕೈಯಲ್ಲಿ ಹಿಡಿದ ಹಗ್ಗ ಬಿಟ್ಟು, ಮರಿ ಅದನ್ನು ನೆಲದಲ್ಲಿ ಎಳೆದುಕೊಂಡು ಓಡಾಡಲು ಬಿಡಿ. ಎರಡು ವಾರ ಅಟ್ಟಿಸದಿದ್ದರೆ ಹಗ್ಗ ತೆಗೆಯಿರಿ. ನಡುವೆ ಒಮ್ಮೆ ಅಟ್ಟಿಸಿದರೂ ಮತ್ತೆ ಗೇಟಿನ ಹಂತಕ್ಕೆ ಹೋಗಿ ಎರಡು ಮೂರು ದಿನ ಅಲ್ಲೇ ಇರಿ. ಮನೆಯವರು ಹೊರಗೆ ಹೋಗುವಾಗ ಮತ್ತು ರಾತ್ರಿ ಮಲಗುವಾಗ ಮಾತ್ರ, ಎಷ್ಟೇ ಹೊಂದಿಕೊಂಡಂತೆ ಕಂಡರೂ, ಮರಿಗೆ ಒಂದು ವರ್ಷ ತುಂಬುವವರೆಗೆ ನಡುವೆ ಬಾಗಿಲು ಹಾಕಿರಲಿ.