ಸೆರಾಮಿಕ್ ಒಳಗಿನ ಗಾಳಿ

ಬಿಸಿ ಬೋಂಡಾ ಕಟ್ಟಿಕೊಟ್ಟ ಪೇಪರ್ ನೋಡಿದ್ದೀರಿ ಅಲ್ವಾ? ಎಣ್ಣೆ ಹೀರಿದ ಜಾಗದಲ್ಲಿ ಹಿಂದಿನ ಪುಟದ ಅಕ್ಷರ ಈ ಕಡೆಯಿಂದಲೇ ಕಾಣುತ್ತದೆ. ಕಾಗದದ ನಾರುಗಳ ನಡುವೆ ಗಾಳಿ ಇರುತ್ತದೆ. ನಾರಿನಿಂದ ಗಾಳಿಗೆ, ಗಾಳಿಯಿಂದ ಮತ್ತೆ ನಾರಿಗೆ ದಾಟುವಾಗಲೆಲ್ಲ ಬೆಳಕು ಚದುರುತ್ತದೆ. ಎಣ್ಣೆ ಗಾಳಿಯ ಜಾಗ ಹಿಡಿದರೆ ಚದುರುವುದು ಕಡಿಮೆಯಾಗುತ್ತದೆ, ಅಷ್ಟೇ.

ಸ್ಕೂಟರ್‌ನ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಬೆಳ್ಳಗಿನ ಒಂದು ಸೆರಾಮಿಕ್ ಭಾಗ ಇರುತ್ತದೆ. ಅದು ಬಹುಪಾಲು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ನೀಲಮಣಿಯೂ ಅಲ್ಯೂಮಿನಾವೇ, ಬೆರಕೆ ಇಲ್ಲದ ಹರಳಾದರೆ ನೀರಿನ ಹಾಗೆ ಸ್ವಚ್ಛ. ಒಂದೇ ವಸ್ತು, ಒಂದು ಸುಣ್ಣದಂತೆ ಬಿಳಿ, ಇನ್ನೊಂದು ಪಾರದರ್ಶಕ. ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ ಪುಡಿಯನ್ನು ಒತ್ತಿ ಸುಟ್ಟಾಗ ಒಳಗೆ ಉಳಿದ ಸಣ್ಣ ಸಣ್ಣ ರಂಧ್ರಗಳು. ಸಾವಿರದಲ್ಲಿ ಒಂದು ಪಾಲು ರಂಧ್ರ ಉಳಿದರೂ ನೋಟ ಮಸುಕಾಗುತ್ತದೆ.

1950ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಬರ್ಟ್ ಕೋಬಲ್ ಇದಕ್ಕೊಂದು ದಾರಿ ಕಂಡುಕೊಂಡರು. ಸುಡುವಾಗ ಹರಳಿನ ಕಣಗಳು ಬೆಳೆಯುತ್ತವೆ. ಆತುರದಲ್ಲಿ ಬೆಳೆದರೆ ರಂಧ್ರಗಳನ್ನು ನುಂಗಿಬಿಡುತ್ತವೆ. ಕಣದ ಹೊಟ್ಟೆಯೊಳಗೆ ಸಿಕ್ಕಿದ ರಂಧ್ರ ಹೊರಗೆ ಬರುವುದೇ ಇಲ್ಲ. ಚಿಟಿಕೆಯಷ್ಟು ಮೆಗ್ನೀಷಿಯಂ ಆಕ್ಸೈಡ್ ಬೆರೆಸಿದಾಗ ಆ ಆತುರ ತಗ್ಗಿತು. ಜೊತೆಗೆ ಹೈಡ್ರೋಜನ್‌ನಲ್ಲಿ ಸುಟ್ಟರು. ರಂಧ್ರದಲ್ಲಿ ಸಿಕ್ಕಿದ್ದು ಗಾಳಿಯಾದರೆ ಅಲ್ಲೇ ಕೂರುತ್ತದೆ, ಹೈಡ್ರೋಜನ್ ನುಸುಳಿಕೊಂಡು ಹೊರಟುಹೋಗುತ್ತದೆ. ಬಿಸಿ ಸೋಡಿಯಂ ಆವಿ ಗಾಜನ್ನು ಕೆಡಿಸುತ್ತದೆ, ಈ ಅಲ್ಯೂಮಿನಾ ಕೊಳವೆ ತಡೆದುಕೊಂಡಿತು. ನಮ್ಮ ರಸ್ತೆಗಳ ಹಳದಿ ಸೋಡಿಯಂ ದೀಪಗಳ ಹೊಟ್ಟೆಯಲ್ಲಿ ಇದ್ದದ್ದು ಇಂಥದೇ ಕೊಳವೆ.

ಆದರೆ ಅದು ಹಾಲುಬಣ್ಣದ್ದು. ಬೆಳಕು ದಾಟುತ್ತದೆ, ಚಿತ್ರ ದಾಟುವುದಿಲ್ಲ. ಅಲ್ಯೂಮಿನಾ ಹರಳಿನಲ್ಲಿ ಬೆಳಕಿನ ವೇಗ ದಿಕ್ಕಿಗೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ. ಕಣಗಳೋ ಒಂದೊಂದು ಒಂದೊಂದು ಕಡೆ ಮುಖ ಮಾಡಿರುತ್ತವೆ. ಆಚೆಯದ್ದು ಸ್ಪಷ್ಟವಾಗಿ ಕಾಣುವ ಕಿಟಕಿಗೆ ಬೇಕಾದದ್ದು ಎಲ್ಲ ದಿಕ್ಕಿಗೂ ಒಂದೇ ರೀತಿ ಇರುವ ಹರಳು. ಮೆಗ್ನೀಷಿಯಂ, ಅಲ್ಯೂಮಿನಿಯಂ ಎರಡೂ ಇರುವ ಸ್ಪಿನೆಲ್ ಅಂಥದ್ದು.

ಸ್ಪಿನೆಲ್ ಮಾಡುವುದರಲ್ಲಿ ಅರ್ಧ ಜಗಳ ಪುಡಿಯ ಜೊತೆಗೇ. ಮುದ್ದೆಯಲ್ಲಿ ಹಿಟ್ಟು ಗಂಟು ಕಟ್ಟುವ ಹಾಗೆ ನುಣ್ಣನೆಯ ಪುಡಿಯೂ ಗಂಟು ಕಟ್ಟುತ್ತದೆ. ಗಂಟುಗಳ ನಡುವಿನ ಸಂದು ಎಷ್ಟು ಸುಟ್ಟರೂ ಸುಲಭಕ್ಕೆ ಮುಚ್ಚುವುದಿಲ್ಲ. ಅದಕ್ಕೇ ಪುಡಿಯನ್ನು ದ್ರವದಲ್ಲಿ ಹದವಾಗಿ ಕಲಸಿ ಅಚ್ಚು ಹಾಕುವುದುಂಟು. ಹೈದರಾಬಾದಿನ ಎಆರ್‌ಸಿಐ ಸಂಶೋಧನಾ ಸಂಸ್ಥೆ ಸ್ಪಿನೆಲ್ ಮಾಡಿದ್ದು ಹೀಗೆ. ಮೊದಲ ಸುಡುವಿಕೆಯ ನಂತರ ಆರ್ಗಾನ್ ತುಂಬಿದ ಒತ್ತಡದ ಕುಲುಮೆ. ವಾತಾವರಣದ ಸಾವಿರ ಪಟ್ಟಿಗಿಂತ ಜಾಸ್ತಿ ಒತ್ತಡ, 1,500 ಡಿಗ್ರಿ ಆಸುಪಾಸಿನ ಬಿಸಿ. ಎಲ್ಲ ಕಡೆಯಿಂದ ಹಿಂಡಿದಾಗ ಉಳಿದ ರಂಧ್ರಗಳೂ ಮುಚ್ಚಿಕೊಳ್ಳುತ್ತವೆ. ಮೊದಲ ಸುಡುವಿಕೆಯಲ್ಲಿ ಹೊರಗೆ ಬಾಯಿ ತೆರೆದ ರಂಧ್ರ ಉಳಿದಿದ್ದರೆ ಮಾತ್ರ ಎಲ್ಲ ದಂಡ: ಅನಿಲ ಅದರೊಳಗೂ ಹೊಕ್ಕು ಒಳಗಿನಿಂದ ತಳ್ಳುತ್ತದೆ.

ಗಾಜು ಇರುವಾಗ ಸುಮ್ನೆ ಇಷ್ಟೆಲ್ಲ ಯಾಕೆ? ಶಾಖ ನೋಡುವ ಕ್ಯಾಮೆರಾವನ್ನು ಮನೆಯ ಕಿಟಕಿ ಗಾಜಿಗೆ ಹಿಡಿದರೆ ಆಚೆಯವರು ಕಾಣುವುದಿಲ್ಲ, ಗಾಜಿನಲ್ಲಿ ನಿಮ್ಮದೇ ಮಸುಕು ಪ್ರತಿಬಿಂಬ ಕಾಣುತ್ತದೆ. ಆ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಗಾಜು ದಾಟಿಸುವುದೇ ಇಲ್ಲ. ಸ್ಪಿನೆಲ್ ಕಣ್ಣಿಗೆ ಕಾಣುವ ಬೆಳಕನ್ನೂ 3ರಿಂದ 5 ಮೈಕ್ರಾನ್ ತರಂಗಾಂತರದ ಅವಕೆಂಪನ್ನೂ ದಾಟಿಸುತ್ತದೆ. ಮನುಷ್ಯನ ಮೈ ಹೊರಸೂಸುವುದು ಹೆಚ್ಚಾಗಿ 9–10 ಮೈಕ್ರಾನ್ ಹತ್ತಿರ. ಅಲ್ಲಿಗೆ ಜಿಂಕ್ ಸಲ್ಫೈಡ್‌ನಂಥದ್ದು ಬೇಕು. ಅನಿಲದಿಂದ ಪದರ ಪದರವಾಗಿ ಬೆಳೆಸಿದ ಜಿಂಕ್ ಸಲ್ಫೈಡ್ ಹಳದಿ ಮಂಜಿನ ಹಾಗಿರುತ್ತದೆ. ಅದೇ ತುಂಡು ಒತ್ತಡದ ಕುಲುಮೆಯಿಂದ ಬರುವಾಗ ತಿಳಿನೀರು. ಆದರೆ ಆ ಬಿಸಿಗೆ ಕಣಗಳು ದಪ್ಪವಾಗಿ ಗಡಸುತನ ಇಳಿದಿರುತ್ತದೆ. ಹಾಗಾಗಿ ವಿಮಾನದ ಹಾಗೆ ವೇಗದಲ್ಲಿ ಮಳೆಹನಿ ಬಡಿಯುವ ಕಡೆ, ಶಾಖ ಮಾತ್ರ ನೋಡಿದರೆ ಸಾಕು ಎಂದಿದ್ದರೆ, ಆ ಹಳದಿ ತುಂಡನ್ನೇ ಕೂರಿಸುತ್ತಾರೆ.