ಮದ್ದಿಗಿಂತ ಮೊದಲು ಕಾಯಿಲೆಯ ಹೆಸರು ಸರಿ ಇರಬೇಕು

ಮುಂಬೈನ ಪರೇಲಿನಲ್ಲಿರುವ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಸುತ್ತಮುತ್ತ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಕಲಬುರಗಿ, ವಿಜಯಪುರ ಕಡೆಯಿಂದ ಮಗುವನ್ನು ಕರೆದುಕೊಂಡು ರೈಲು ಹತ್ತಿ ಬಂದವರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಊರಿನ ರಿಪೋರ್ಟು, ಗಾಜಿನ ಸ್ಲೈಡು, ಜೊತೆಗೆ ಬೆರಳ ತುದಿಯಷ್ಟು ಮೇಣದ ಬ್ಲಾಕು. ಮಗುವಿನ ಗಡ್ಡೆಯಿಂದ ತೆಗೆದ ಚೂರು ಆ ಮೇಣದೊಳಗಿರುತ್ತದೆ. ಊರಲ್ಲೇ ರಿಪೋರ್ಟ್ ಬಂದಿದೆಯಲ್ಲ, ಇಲ್ಲಿ ಮತ್ತೆ ಯಾಕೆ ನೋಡ್ತಾರೆ ಅಂತ ಹೆತ್ತವರು ಚಡಪಡಿಸುತ್ತಾರೆ.

ಕಾರಣ ಇದೆ. ಮಕ್ಕಳಿಗೆ ಬರುವ ಎಷ್ಟೋ ಗಡ್ಡೆಗಳು ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುತ್ತವೆ: ಸಣ್ಣ, ದುಂಡನೆಯ, ಬಣ್ಣ ಹಚ್ಚಿದಾಗ ನೀಲಿಯಾಗಿ ಕಾಣುವ ಕೋಶಗಳು. ಹೆಚ್ಚಾಗಿ ಮೂಳೆಗೆ ಬರುವ ಯೂಯಿಂಗ್ ಸಾರ್ಕೋಮಾ, ನರದ ಕೋಶಗಳಿಂದ ಹುಟ್ಟುವ ನ್ಯೂರೋಬ್ಲಾಸ್ಟೋಮಾ, ದುಗ್ಧಗ್ರಂಥಿಯ ಲಿಂಫೋಮಾ, ಯಾವ ಕ್ಯಾನ್ಸರೂ ಆಗಿರಬಹುದು. ಚಿಕಿತ್ಸೆ ಮಾತ್ರ ಒಂದೊಂದಕ್ಕೆ ಒಂದೊಂದು. ಹೆಸರು ತಪ್ಪಿದರೆ ಮಗು ಬೇರೆ ಯಾವುದೋ ಕಾಯಿಲೆಯ ಕೀಮೋ, ಅಂದರೆ ಕ್ಯಾನ್ಸರ್ ಔಷಧಿ, ತೆಗೆದುಕೊಳ್ಳಬೇಕಾಗುತ್ತದೆ.

ಮೊದಲು ಇದು ಇಷ್ಟು ದೊಡ್ಡ ವಿಷಯ ಆಗಿರಲಿಲ್ಲ, ಯಾಕೆಂದರೆ ಮದ್ದೇ ಇರಲಿಲ್ಲ. 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ಔಷಧಿಯಿಂದ ಕಾಯಿಲೆ ಕೆಲಕಾಲ ತಗ್ಗುವುದನ್ನು ತೋರಿಸಿದರು. ಮದ್ದು ಬಂದ ಮೇಲೆ ಕಾಯಿಲೆಯ ಹೆಸರು ಮುಖ್ಯವಾಯಿತು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಒಂದೇ ಗುರಿಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು, ಅಂದರೆ ಆ್ಯಂಟಿಬಾಡಿಗಳನ್ನು, ಬೇಕಾದಷ್ಟು ತಯಾರಿಸುವ ದಾರಿ ಕಂಡುಕೊಂಡರು. ಮುಂದೆ ಅದರಿಂದಲೇ ಕೋಶಕ್ಕೆ ಬಣ್ಣ ಹಚ್ಚಿ ಗುರುತು ಹಿಡಿಯುವುದು ಸುಲಭವಾಯಿತು. ನನ್ನ ಪ್ರಕಾರ ಬಡ ದೇಶಗಳು ಜಾಸ್ತಿ ಹಿಂದೆ ಬಿದ್ದದ್ದು ಇಲ್ಲೇ. ಆ್ಯಂಟಿಬಾಡಿ ದುಬಾರಿ, ತಣ್ಣಗಿಡಬೇಕು, ಓದಿ ಹೇಳಲು ಮಕ್ಕಳ ಗಡ್ಡೆ ನೋಡಿ ಪಳಗಿದವರೇ ಬೇಕು. ತೆಗೆದ ಚೂರನ್ನು ತಕ್ಷಣ ಸರಿಯಾಗಿ ಫಾರ್ಮಲಿನ್ ಎಂಬ ಕೆಡದಂತೆ ಕಾಯುವ ದ್ರವದಲ್ಲಿ ಹಾಕದಿದ್ದರೆ ಎಂಥ ಲ್ಯಾಬಿಗೂ ಏನೂ ಮಾಡಲಾಗದು.

ಲ್ಯಾಬಿಗೆ ಬರುವ ಮೊದಲೇ ದಾರಿ ತಪ್ಪುವುದೂ ಇದೆ. ಕುತ್ತಿಗೆಯಲ್ಲಿ ಗಂಟು ಬಂದರೆ ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ. ಕೀಲುನೋವಿಗೆ ಸ್ಟೀರಾಯ್ಡ್ ಕೊಟ್ಟರೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಸ್ವಲ್ಪ ದಿನ ಅಡಗಿ ಕೂರುತ್ತದೆ, ಮಗು ಹುಷಾರಾದ ಹಾಗೆ ಕಾಣುತ್ತದೆ. ಒಂದು ಅಂದಾಜಿನಂತೆ 2015ರಲ್ಲಿ ಜಗತ್ತಿನಲ್ಲಿ ಕ್ಯಾನ್ಸರ್ ಬಂದ ಸುಮಾರು 3,97,000 ಮಕ್ಕಳಲ್ಲಿ 2,24,000 ಮಕ್ಕಳಿಗಷ್ಟೇ ಕಾಯಿಲೆ ಪತ್ತೆಯಾಯಿತು. ಉಳಿದವರ ಕಾಯಿಲೆಗೆ ತಪ್ಪು ಹೆಸರೋ, ಹೆಸರೇ ಇಲ್ಲವೋ. ಇದನ್ನು ಓದಿ ಸುಮ್ನಿರೋಕೆ ಆಗಲ್ಲ ಅಲ್ವಾ?

ಶ್ರೀಮಂತ ದೇಶಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. 2030ರೊಳಗೆ ಎಲ್ಲ ಕಡೆ ಕನಿಷ್ಠ 60 ಆಗಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟಿತು. ನಮ್ಮಲ್ಲಿ 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನು ಒಂದಕ್ಕೊಂದು ಜೋಡಿಸುತ್ತಿದೆ.

ನಿಮ್ಮೂರಿಂದ ಯಾರಾದರೂ ಮಗುವನ್ನು ಮುಂಬೈಗೆ ಕರೆತರುತ್ತಿದ್ದರೆ ರಿಪೋರ್ಟಿನ ಜೊತೆ ಸ್ಲೈಡು, ಬ್ಲಾಕು ಎರಡನ್ನೂ ಲ್ಯಾಬಿನಿಂದ ಕೇಳಿ ತರಲು ಹೇಳಿ. ಬ್ಲಾಕ್ ಚೆನ್ನಾಗಿದ್ದರೆ ಎಷ್ಟೋ ಸಲ ಮಗುವಿಗೆ ಮತ್ತೆ ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆಯುವುದು, ತಪ್ಪುತ್ತದೆ.