ಡೇಟಾಬೇಸ್ ಕನೆಕ್ಷನ್ ಪೂಲ್‌ನ ಗಾತ್ರವನ್ನು 10ರಿಂದ 100ಕ್ಕೆ ಏರಿಸಬೇಕೇ?

ಪ್ರಶ್ನೆ: ಬದಿಯಡ್ಕ ಸಮೀಪದ ಅಡಿಕೆ ಖರೀದಿ ಕೇಂದ್ರವೊಂದಕ್ಕೆ ಸ್ಪ್ರಿಂಗ್ ಬೂಟ್ (ಜಾವಾ ಚೌಕಟ್ಟು) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್) ಬಳಸಿ ವೆಬ್ ತಂತ್ರಾಂಶ ಮಾಡಿಕೊಟ್ಟಿದ್ದೇನೆ. ಬೆಳಗ್ಗೆ ಧಾರಣೆ ಪ್ರಕಟವಾದ ಕೂಡಲೇ ಬೆಳೆಗಾರರೆಲ್ಲ ಒಟ್ಟಿಗೆ ನೋಡುತ್ತಾರೆ. ಆಗ ಡೇಟಾಬೇಸ್ ಕನೆಕ್ಷನ್‌ಗಾಗಿ 30 ಸೆಕೆಂಡು ಕಾದರೂ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಕನೆಕ್ಷನ್‌ಗಳನ್ನು ಕೂಡಿಟ್ಟುಕೊಳ್ಳುವ ಪೂಲ್‌ನ ಗಾತ್ರವನ್ನು 10ರಿಂದ 100ಕ್ಕೆ ಏರಿಸಬಹುದೇ?

ಉತ್ತರ: ಸದ್ಯಕ್ಕೆ ಏರಿಸಬೇಡಿ. ನೀವು ಹೇಳಿದ 10 ಮತ್ತು 30 ಸೆಕೆಂಡು ಎರಡೂ ಸ್ಪ್ರಿಂಗ್ ಬೂಟ್‌ನೊಂದಿಗೆ ಬರುವ ಹಿಕಾರಿ ಪೂಲ್‌ನ ಮೂಲ ಮೌಲ್ಯಗಳು, ಅಂದರೆ ನಾವಾಗಿ ಬದಲಿಸದಿದ್ದರೆ ಇರುವಂಥವು. ಮಧ್ಯಮ ಗಾತ್ರದ ತಂತ್ರಾಂಶಕ್ಕೆ 10 ಕನೆಕ್ಷನ್ ಸಾಮಾನ್ಯವಾಗಿ ಕಡಿಮೆಯೇನಲ್ಲ.

ಪೋಸ್ಟ್‌ಗ್ರೆಸ್ ಪ್ರತಿಯೊಂದು ಕನೆಕ್ಷನ್‌ಗೂ ಸರ್ವರ್‌ನಲ್ಲಿ ಒಂದು ಪ್ರತ್ಯೇಕ ಪ್ರೋಸೆಸ್ (ಓಡುವ ಪ್ರೋಗ್ರಾಂ) ಹುಟ್ಟಿಸುತ್ತದೆ. ಪ್ರತಿ ವಿನಂತಿಗೂ ಅದನ್ನು ಹುಟ್ಟಿಸಿ, ಪಾಸ್‌ವರ್ಡ್ ಪರಿಶೀಲಿಸಿ, ಕೆಲಸ ಮುಗಿದೊಡನೆ ಕೊನೆಗೊಳಿಸುವುದು ದುಬಾರಿಯಾದ್ದರಿಂದಲೇ ಕೆಲವನ್ನು ತೆರೆದಿಟ್ಟುಕೊಂಡು ಸರದಿಯಂತೆ ಎರವಲು ಕೊಡುವ ಪೂಲ್ ಬೇಕಾಗುತ್ತದೆ. ಆದರೆ ಏಕಕಾಲಕ್ಕೆ ಎಷ್ಟು ಕೆಲಸ ನಡೆಯಬಲ್ಲದು ಎಂಬುದನ್ನು ಡೇಟಾಬೇಸ್ ಸರ್ವರ್‌ನ ಪ್ರೊಸೆಸರ್ ಕೋರ್‌ಗಳು ಮತ್ತು ಡಿಸ್ಕ್ ನಿರ್ಧರಿಸುತ್ತವೆಯೇ ಹೊರತು ಪೂಲ್ ಅಲ್ಲ. ಗುಡ್ಡದ ಸುರಂಗದಿಂದ ಬರುವ ನೀರನ್ನು ಕೆರೆಯಲ್ಲಿ ಕೂಡಿಟ್ಟು ತೋಟಕ್ಕೆ ಬಿಡುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೆರೆಗೆ ಎಷ್ಟು ಪೈಪು ಇಳಿಸಿದರೂ ಸುರಂಗದ ಒರತೆ ಹೆಚ್ಚುವುದಿಲ್ಲ. ಕೋರ್‌ಗಳ ಸಂಖ್ಯೆಯ ಎರಡರಷ್ಟಕ್ಕೆ ಡಿಸ್ಕ್‌ಗಳ ಸಂಖ್ಯೆಯನ್ನು ಕೂಡಿಸುವುದು ಆರಂಭಕ್ಕೆ ಬಳಕೆಯಲ್ಲಿರುವ ಲೆಕ್ಕ. 4 ಕೋರ್, 1 ಡಿಸ್ಕ್ ಇದ್ದರೆ 9.

ಹಾಗಾದರೆ ಹತ್ತೂ ಕನೆಕ್ಷನ್ ಏಕೆ ಮುಗಿಯುತ್ತವೆ? ಸೆಕೆಂಡಿಗೆ 100 ವಿನಂತಿ ಬಂದು, ಪ್ರತಿಯೊಂದೂ ಕನೆಕ್ಷನ್ ಅನ್ನು 20 ಮಿಲಿಸೆಕೆಂಡು ಹಿಡಿದುಕೊಂಡರೆ ಸರಾಸರಿ 2 ಕನೆಕ್ಷನ್ ಮಾತ್ರ ಬಳಕೆಯಲ್ಲಿರುತ್ತವೆ. ಅದೇ ವಿನಂತಿ 2 ಸೆಕೆಂಡು ಹಿಡಿದುಕೊಂಡರೆ 200 ಬೇಕು. ಆದುದರಿಂದ ಅಳೆಯಬೇಕಾದುದು ಹಿಡಿದುಕೊಳ್ಳುವ ಕಾಲವನ್ನು. ಹಿಂದೊಮ್ಮೆ ನಾನು ಬರೆದ ಬಿಲ್ಲಿನ ತಂತ್ರಾಂಶದಲ್ಲಿ ಟ್ರಾನ್ಸಾಕ್ಷನ್ (ಒಟ್ಟಾಗಿಯೇ ಪೂರ್ಣಗೊಳ್ಳಬೇಕಾದ ಡೇಟಾಬೇಸ್ ಕೆಲಸಗಳ ಕಟ್ಟು) ಮುಗಿಯುವ ಮೊದಲೇ ಎಸ್ಎಂಎಸ್ ಕಳುಹಿಸುವ ಸಾಲು ಸೇರಿಕೊಂಡಿತ್ತು. ಹೊರಗಿನ ಆ ಸೇವೆ ನಿಧಾನವಾದಾಗಲೆಲ್ಲ ಡೇಟಾಬೇಸ್ ಸುಮ್ಮನಿದ್ದರೂ ಪೂಲ್ ಬರಿದಾಗುತ್ತಿತ್ತು. ಎಸ್ಎಂಎಸ್ ಅನ್ನು ಕಮಿಟ್ ಆದ, ಅಂದರೆ ಟ್ರಾನ್ಸಾಕ್ಷನ್ ಖಾಯಂ ಆಗಿ ಮುಗಿದ, ನಂತರಕ್ಕೆ ಸರಿಸಿದಾಗ ತೊಂದರೆ ನಿಂತಿತು, ಗಾತ್ರವನ್ನು ಮುಟ್ಟಬೇಕಾಗಲಿಲ್ಲ. ನಿಮ್ಮ ಕೋಡ್‌ನಲ್ಲಿಯೂ ಟ್ರಾನ್ಸಾಕ್ಷನ್ ಒಳಗೆ ಇಂತಹ ಹೊರಗಿನ ಕರೆಗಳಿವೆಯೇ, ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇಲ್ಲದೆ ನಿಧಾನವಾಗುವ ಕ್ವೆರಿಗಳಿವೆಯೇ ಎಂದು ದಯವಿಟ್ಟು ಮೊದಲು ಹುಡುಕಿ.

ಎರವಲು ಪಡೆದದ್ದನ್ನು ಹಿಂದಿರುಗಿಸದಿರುವುದು ಇನ್ನೊಂದು ಕಾರಣ. ಕನೆಕ್ಷನ್ ಅನ್ನು ಕ್ಲೋಸ್ ಮಾಡುವುದೆಂದರೆ ಇಲ್ಲಿ ಪೂಲ್‌ಗೆ ಮರಳಿಸುವುದು ಎಂದೇ ಅರ್ಥ. ಎಕ್ಸೆಪ್ಶನ್ (ಕೋಡ್ ಓಡುವಾಗಿನ ದೋಷ) ಬಂದ ದಾರಿಯಲ್ಲಿ ಅದು ತಪ್ಪಿಹೋದರೆ ದಿನಕ್ಕೊಂದರಂತೆ ಸೋರಿ, ಕೊನೆಗೆ ಮರುಚಾಲನೆಯೊಂದೇ ಉಪಾಯವಾಗಿ ಉಳಿಯುತ್ತದೆ. ಈ ಸೋರಿಕೆಯನ್ನು ಪತ್ತೆಹಚ್ಚುವ ಹಿಕಾರಿಯ ಲೀಕ್ ಡಿಟೆಕ್ಷನ್ ಮಿತಿ ತಾನಾಗಿ ಚಾಲೂ ಇರುವುದಿಲ್ಲ. ಅದನ್ನು 10 ಸೆಕೆಂಡಿಗೆ ಇಟ್ಟರೆ, ಅಷ್ಟು ಹೊತ್ತು ಮರಳದ ಕನೆಕ್ಷನ್ ಅನ್ನು ಕೋಡ್‌ನ ಯಾವ ಸಾಲು ಪಡೆದಿತ್ತು ಎಂಬುದು ಲಾಗ್‌ನಲ್ಲಿ ಕಾಣುತ್ತದೆ.

ಪೋಸ್ಟ್‌ಗ್ರೆಸ್‌ನ ಮೂಲ ಮಿತಿಯೇ 100 ಕನೆಕ್ಷನ್, ಅದರಲ್ಲಿ 3 ಸೂಪರ್‌ಯೂಸರ್‌ಗೆ (ಡೇಟಾಬೇಸ್‌ನ ಪೂರ್ಣ ಅಧಿಕಾರವುಳ್ಳ ಬಳಕೆದಾರನಿಗೆ) ಮೀಸಲು. ಅಪ್ಲಿಕೇಶನ್‌ನ ಪ್ರತಿಯೊಂದು ಪ್ರತಿಗೂ ತನ್ನದೇ ಪೂಲ್ ಇರುವುದರಿಂದ, 100ರ ಗಾತ್ರದಲ್ಲಿ ಎರಡು ಪ್ರತಿ ಓಡಿಸಿದರೆ ದಟ್ಟಣೆಯ ಹೊತ್ತಿನಲ್ಲಿ ಡೇಟಾಬೇಸ್ ಬಾಗಿಲು ಮುಚ್ಚುತ್ತದೆ. ಬ್ಯಾಕಪ್‌ಗೂ ಜಾಗ ಉಳಿಯುವುದಿಲ್ಲ. ಕಾಯುವ ಅವಧಿಯನ್ನು 30ರಿಂದ 5 ಸೆಕೆಂಡಿಗೆ ಇಳಿಸುವುದು ಲೇಸು, ಏಕೆಂದರೆ ಮೊಬೈಲ್ ಹಿಡಿದು ನಿಂತ ಬೆಳೆಗಾರರು ಅರ್ಧ ನಿಮಿಷ ಕಾಯದೆ ಪುಟವನ್ನು ಮತ್ತೆ ಮತ್ತೆ ತೆರೆದು ಸಾಲನ್ನು ಇನ್ನಷ್ಟು ಉದ್ದಮಾಡುತ್ತಾರೆ.

ಅಷ್ಟಕ್ಕೂ, ಪ್ರಕಟವಾದ ಧಾರಣೆ ಎಲ್ಲರಿಗೂ ಒಂದೇ. ಅದನ್ನು ಒಮ್ಮೆ ಓದಿ ಅಪ್ಲಿಕೇಶನ್‌ನ ನೆನಪಿನಲ್ಲಿಟ್ಟುಕೊಂಡು, ಬದಲಾದಾಗ ಮಾತ್ರ ಹೊಸದನ್ನು ತಂದರೆ, ಬೆಳಗಿನ ಆ ನೂಕುನುಗ್ಗಲು ಪೂಲ್‌ವರೆಗೆ ತಲುಪುವುದೇ ಇಲ್ಲ.